ನಮಗೆ ಬೈಗುಳ ಗೊತ್ತು, ಘೋಷಣೆ ಗೊತ್ತು. ವಾದ ಮಾಡೋದು ಯಾವಾಗ ಕಲಿಯೋದು?



ಪೋಸ್ಟ್ ಉದ್ದ ಇದೆ. ಬೈಯೋದಿದ್ರೆ ಬೈಯಿರಿ, ಆದ್ರೆ ಪೂರ್ತಿ ಓದಿ ಬೈಯಿರಿ.

ನಮ್ಮ ಚಳವಳಿಯ ವಾಟ್ಸಾಪ್ ಗ್ರೂಪುಗಳ ಕಥೆ ನಿಮಗೆಲ್ಲ ಗೊತ್ತಿರೋದೇ. ಬೆಳಗ್ಗೆ ಬಾಬಾಸಾಹೇಬರ ಫೋಟೊ ಜೊತೆ ಶುಭೋದಯ. ಮಧ್ಯಾಹ್ನ ಒಂದು ಫಾರ್ವರ್ಡ್. ಸಂಜೆ ಯಾರೋ ಒಬ್ಬರು ಒಳಮೀಸಲಾತಿ ಅಂತಾರೆ, ಇನ್ನೊಬ್ಬರು ಸಮುದಾಯ ಒಡೆಯೋರು ಅಂತಾರೆ. ರಾತ್ರಿ ಹತ್ತರ ಹೊತ್ತಿಗೆ ನಾಲ್ಕು ಜನ ಗ್ರೂಪ್ ಬಿಟ್ಟಿರ್ತಾರೆ. ಇದನ್ನ ನಾವು ಚರ್ಚೆ ಅಂತ ಕರೀತೀವಿ. ಇದು ಚರ್ಚೆ ಅಲ್ಲ, ಬರೀ ಸಿಟ್ಟು ಖಾಲಿ ಮಾಡ್ಕೊಳ್ಳೋದು.

ಅದಕ್ಕೇ ನಾವು ಕೆಲವರು ಸೇರಿ ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಗೂಗಲ್ ಮೀಟ್‌ನಲ್ಲಿ ಚರ್ಚಾಕೂಟ ನಡೆಸ್ತಿದೀವಿ. "ಊರಲ್ಲಿ ದೌರ್ಜನ್ಯ ನಡೀತಿದೆ, ನೀವು ಮೊಬೈಲ್ ಹಿಡ್ಕೊಂಡು ಭಾಷಣ ಸ್ಪರ್ಧೆ ಮಾಡ್ತಿದೀರಾ?" ಅಂತ ಹಿರಿಯ ಸಂಗಾತಿಯೊಬ್ಬರು ಕೇಳಿದ್ರು. ಪ್ರಶ್ನೆ ನ್ಯಾಯವಾಗಿಯೇ ಇದೆ. ಉತ್ತರ ಇಲ್ಲಿ ಕೊಡ್ತೀನಿ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಬಾಬಾಸಾಹೇಬರನ್ನ ಅಧ್ಯಕ್ಷತೆಗೆ ಕರೆದು, ಭಾಷಣದ ಪ್ರತಿ ಓದಿದ ಮೇಲೆ ಕೆಲವು ಭಾಗ ತೆಗೀರಿ ಅಂದ್ರು. ಅವರು ಒಪ್ಪಲಿಲ್ಲ, ಸಮ್ಮೇಳನವೇ ರದ್ದಾಯ್ತು. ಆಡದ ಭಾಷಣವನ್ನ ಸ್ವಂತ ಖರ್ಚಲ್ಲಿ 1,500 ಪ್ರತಿ ಅಚ್ಚು ಹಾಕಿಸಿದ್ರು. ಅದೇ ನಾವು ಓದೋ 'ಜಾತಿ ವಿನಾಶ'. ಇಷ್ಟು ಎಲ್ಲರಿಗೂ ಗೊತ್ತು. ಮುಂದಿಂದು ಬಹಳ ಜನ ಗಮನಿಸಲ್ಲ. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಆ ಪುಸ್ತಕವನ್ನ ಟೀಕಿಸಿದ್ರು. 1937ರ ಎರಡನೇ ಆವೃತ್ತಿಯಲ್ಲಿ ಬಾಬಾಸಾಹೇಬರು ಏನು ಮಾಡಿದ್ರು? ಗಾಂಧೀಜಿಯ ಟೀಕೆಯನ್ನ ತಮ್ಮ ಪುಸ್ತಕದೊಳಗೇ ಸೇರಿಸಿ, ಅದರ ಪಕ್ಕದಲ್ಲಿ ತಮ್ಮ ಉತ್ತರ ಇಟ್ರು. ಎದುರಾಳಿಯ ಮಾತನ್ನ ಓದುಗನಿಂದ ಮುಚ್ಚಿಡಲಿಲ್ಲ. ಓದಿ, ತೂಗಿ, ನೀವೇ ತೀರ್ಮಾನ ಮಾಡಿ ಅಂದಂಗೆ. ವಾದದ ಮೇಲೆ ಅಷ್ಟು ಭರವಸೆ ಇದ್ದೋರು ಅವರು. ನಾವು ಮಾತ್ರ ಒಪ್ಪದ ಕಾಮೆಂಟನ್ನ ಡಿಲೀಟ್ ಮಾಡ್ತೀವಿ.

ಸಂವಿಧಾನ ಸಭೆ ತಗೊಳ್ಳಿ. 2 ವರ್ಷ 11 ತಿಂಗಳು 17 ದಿನ. ತಿದ್ದುಪಡಿ ಸೂಚನೆಗಳು 7,635, ಸಭೆಯಲ್ಲಿ ಮಂಡನೆ ಆಗಿದ್ದು 2,473. ಎದ್ದು ನಿಂತು ಉತ್ತರ ಕೊಟ್ಟ ಮನುಷ್ಯನ ಆರೋಗ್ಯ ಕೈಕೊಟ್ಟಿತ್ತು. ಕೊನೆಗೆ 1949ರ ನವೆಂಬರ್ 25ರಂದು ಅದೇ ಮನುಷ್ಯ, ರಾಜಕೀಯದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಅಂತ ಎಚ್ಚರಿಸಿದ್ರು. ನಾವು ಅವರ ಫೋಟೊಗೆ ಹಾರ ಹಾಕಿ, ಅವರ ಪಾಠ ಮರೆತರೆ ಹೆಂಗೆ?

ಇನ್ನು ನಡೆಸೋದು ಹೇಗೆ ಅಂತ ಇನ್‌ಬಾಕ್ಸಲ್ಲಿ ಕೇಳ್ತಿರೋರಿಗೆ. ನಾನು ಗುಮಾಸ್ತ, ನಡಾವಳಿ ಬರೆಯೋದೇ ಹೊಟ್ಟೆಪಾಡು. ಹಾಗಾಗಿ ಬಿಡಿಬಿಡಿಯಾಗಿ ಹೇಳ್ತೀನಿ.

ಕ್ಯಾಮೆರಾ ಕಡ್ಡಾಯ ಇಲ್ಲ. ಹಾಸ್ಟೆಲ್ ಮಕ್ಕಳ ಡೇಟಾ ಸಂಜೆಗೇ ಮುಗಿದಿರುತ್ತೆ. ಕೆಲವರ ಮನೆ ಒಂದೇ ಕೋಣೆ, ಹಿಂದೆ ಅಪ್ಪ ಮಲಗಿರ್ತಾರೆ. ಅದನ್ನ ಯಾರಿಗೂ ತೋರಿಸಬೇಕಾಗಿಲ್ಲ, ದನಿ ಸಾಕು.

ಭಾಷೆ ನಿಮ್ಮ ಮನೆಯದು. ರಾಯಚೂರಿನೋರು ರಾಯಚೂರಿನಂಗೆ, ಚಾಮರಾಜನಗರದೋರು ಅಲ್ಲಿಯಂಗೆ. ಹಕಾರ ಅಕಾರ ತಿದ್ದೋ ಮೇಷ್ಟ್ರುಗಳಿಗೆ ಪ್ರವೇಶ ಇಲ್ಲ. ನಮ್ಮ ಮಕ್ಕಳ ಬಾಯಿ ಕಟ್ಟಿಸಿದ್ದು ಅರ್ಧ ಆ ತಿದ್ದುಪಡಿಯೇ.

ಯಾರು ಪರ, ಯಾರು ವಿರೋಧ ಅನ್ನೋದನ್ನ ಚೀಟಿ ಎತ್ತಿ ತೀರ್ಮಾನ ಮಾಡ್ತೀವಿ. ಒಬ್ಬರಿಗೆ ನಾಲ್ಕೇ ನಿಮಿಷ, ಸಂಘಟನೆಯ ಪದಾಧಿಕಾರಿಗೂ ನಾಲ್ಕೇ. ಉತ್ತರ ಕೊಡೋ ಮುಂಚೆ ಎದುರಿನವರು ಹೇಳಿದ್ದನ್ನ ಎರಡು ವಾಕ್ಯದಲ್ಲಿ ಹೇಳಬೇಕು, ಅವರು "ಹೌದು, ನಾನು ಹೇಳಿದ್ದು ಇದೇ" ಅನ್ನಬೇಕು. ಆಮೇಲೆ ನಿಮ್ಮ ಬಾಣ ಬಿಡಿ. ಈ ಒಂದು ನಿಯಮದಿಂದ ಅರ್ಧ ಜಗಳ ನಿಂತುಹೋಗುತ್ತೆ. ಮೊದಲ ಮಾತು ಹೆಣ್ಣುಮಕ್ಕಳದು, ಇಲ್ಲಾಂದ್ರೆ ನಮ್ಮಲ್ಲೂ ಮೈಕು ಗಂಡಸರ ಕೈಲೇ ಉಳಿಯುತ್ತೆ.

ರೆಕಾರ್ಡಿಂಗ್, ಸ್ಕ್ರೀನ್‌ಶಾಟ್ ಇಲ್ಲ. ಚೀಟಿಯಲ್ಲಿ ಬಂದ ಪಕ್ಷ ವಾದಿಸಿದ ಹುಡುಗನ ಇಪ್ಪತ್ತು ಸೆಕೆಂಡ್ ಕತ್ತರಿಸಿ ಹರಿಬಿಟ್ಟರೆ ಅವನ ಕಥೆ ಮುಗೀತು.

ವಿಷಯದ ಬಗ್ಗೆ ಒಂದು ಗೆರೆ ಎಳ್ಕೊಂಡಿದೀವಿ. "ಮೀಸಲಾತಿ ಬೇಕೆ, ಬೇಡವೆ" ನಮ್ಮಲ್ಲಿ ವಿಷಯ ಅಲ್ಲ. ಕಾಲೇಜುಗಳಲ್ಲಿ ಅದನ್ನೇ ಮತ್ತೆ ಮತ್ತೆ ಇಡ್ತಾರೆ, ನಮ್ಮ ಮಗು ವೇದಿಕೆ ಮೇಲೆ ನಿಂತು ತಾನು ಅಲ್ಲಿರೋದಕ್ಕೇ ಸಮಜಾಯಿಷಿ ಕೊಡಬೇಕು. ನಮ್ಮ ಘನತೆ ಚರ್ಚೆಗೆ ಇಟ್ಟ ಸರಕಲ್ಲ. ಆದ್ರೆ ಖಾಸಗಿ ವಲಯಕ್ಕೆ ಅದನ್ನ ಹೇಗೆ ತರೋದು, ಕೆನೆಪದರ ನಮಗೆ ಅನ್ವಯಿಸಬೇಕಾ, ಸಿಗೋ ಪಾಲನ್ನ ನಮ್ಮೊಳಗೆ ಹೇಗೆ ಹಂಚ್ಕೊಳ್ಳೋದು, ಇವೆಲ್ಲ ನಾವು ಮಾತಾಡಲೇಬೇಕಾದ್ದು. ನಾವು ಮಾತಾಡದಿದ್ರೆ ನಮ್ಮ ಪರವಾಗಿ ಬೇರೆಯೋರು ಮಾತಾಡ್ತಾರೆ.

ಒಂದು ಭಾನುವಾರದ ಚರ್ಚೆ ಹೇಳಲೇಬೇಕು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 6:1 ಬಹುಮತದಲ್ಲಿ ಒಳವರ್ಗೀಕರಣಕ್ಕೆ ಒಪ್ಪಿತು. ನಮ್ಮ ರಾಜ್ಯದಲ್ಲಿ ನಾಗಮೋಹನ್ ದಾಸ್ ಆಯೋಗ ಐದು ಗುಂಪು ಮಾಡಿ, ಅಲೆಮಾರಿಗಳಂಥ ಅತಿ ಹಿಂದುಳಿದವರಿಗೆ ಶೇ 1 ಪ್ರತ್ಯೇಕ ಇಡಿ ಅಂದಿತ್ತು. 2025ರ ಆಗಸ್ಟ್‌ನಲ್ಲಿ ಸಂಪುಟ 17ನ್ನ 6-6-5 ಅಂತ ಮೂರು ಪಾಲು ಮಾಡ್ತು, ಅಲೆಮಾರಿಗಳು ಆ ಐದರೊಳಗೆ ಸೇರಿಹೋದ್ರು. ನಾವು ಇಟ್ಟ ವಿಷಯ: "ಅಲೆಮಾರಿಗಳಿಗೆ ಪ್ರತ್ಯೇಕ ಶೇ 1 ಇರಲೇಬೇಕು."

ಪರವಾಗಿ ಮಾತಾಡೋ ಚೀಟಿ ಸಿಕ್ಕಿದ್ದು ಬಲಗೈ ಸಮುದಾಯದ ಹುಡುಗನಿಗೆ. ವಾರವಿಡೀ ಫೋನ್ ಮಾಡಿ ಸುಡುಗಾಡು ಸಿದ್ಧರು, ದಕ್ಕಲಿಗರು, ಹಂದಿಜೋಗಿಗಳು, ಸಿಳ್ಳೇಕ್ಯಾತರ ಬಗ್ಗೆ ವಿಚಾರಿಸ್ಕೊಂಡು ಬಂದಿದ್ದ. ಅವನ ವಾದ ಸರಳ: ಓದಿ ಮುಂದೆ ಬಂದಿರೋ ದೊಡ್ಡ ಸಮುದಾಯಗಳ ಜೊತೆ ಟೆಂಟಿನಲ್ಲಿ ಇರೋರನ್ನ ಓಟಕ್ಕೆ ಬಿಟ್ಟರೆ, ನಾವು ನೂರು ವರ್ಷದಿಂದ ಬೇರೆಯೋರಿಗೆ ಹೇಳ್ತಿರೋ ಅನ್ಯಾಯವನ್ನೇ ನಾವು ಮಾಡಿದಂಗೆ. ವಿರೋಧಕ್ಕೆ ನಿಂತಾಕೆ ರೋಸ್ಟರ್ ಲೆಕ್ಕ ತೆಗೆದ್ಲು. ಶೇ 1 ಅಂದ್ರೆ ನೂರು ಹುದ್ದೆಗೆ ಒಂದು. ಇಲಾಖೆಯೊಂದು ಹತ್ತು ಹುದ್ದೆ ತುಂಬೋದೇ ಅಪರೂಪ, ಆ ಬಿಂದು ಬರೋ ಹೊತ್ತಿಗೆ ಅಭ್ಯರ್ಥಿಯ ವಯಸ್ಸು ಮೀರಿರುತ್ತೆ. ಕಾಗದದ ಮೇಲಿನ ಪಾಲು ಬೇಡ, ಹಾಸ್ಟೆಲ್, ಜಮೀನು, ಮನೆ ಮೊದಲು ಕೇಳಿ ಅಂದ್ಲು. ದಿನಾ ಕಡತ ನೋಡೋ ನನಗೆ ಆ ಲೆಕ್ಕ ಎಷ್ಟು ನಿಜ ಅಂತ ಗೊತ್ತು. ಅದಕ್ಕೆ ಅವನು, ಶೇ 5ರ ಗುಂಪಲ್ಲಿದ್ರೆ ಸರದಿಯೇ ಇಲ್ಲ, ಇಲ್ಲಿ ತಡವಾದ್ರೂ ಸರದಿ ನಮ್ಮ ಹೆಸರಲ್ಲಿ ಕಾಯುತ್ತೆ ಅಂದ.

ಕೊನೆಗೆ ಇಡೀ ಹೊತ್ತು ಮ್ಯೂಟ್ ಆಗಿದ್ದ ಅಲೆಮಾರಿ ಸಮುದಾಯದ ಹೆಣ್ಣುಮಗಳು ಮಾತಾಡಿದ್ಲು. "ಅಣ್ಣ, ನಮ್ಮ ಪರವಾಗಿ ಚೆನ್ನಾಗಿ ಹೇಳಿದ್ರಿ. ಅಕ್ಕ, ನಿಮ್ಮ ಲೆಕ್ಕನೂ ಸರಿ. ಆದ್ರೆ ನನ್ನ ತಮ್ಮನಿಗೆ ಇನ್ನೂ ಜಾತಿ ಸರ್ಟಿಫಿಕೇಟೇ ಸಿಕ್ಕಿಲ್ಲ. ಇರೋಕೆ ಖಾಯಂ ವಿಳಾಸ ಇಲ್ಲ ಅಂತಾರೆ. ಒಂದಿರಲಿ ಐದಿರಲಿ, ನಾವು ಸಾಲಲ್ಲೇ ಇಲ್ವಲ್ಲ?"

ಸ್ವಲ್ಪ ಹೊತ್ತು ಯಾರೂ ಮೈಕ್ ಆನ್ ಮಾಡಲಿಲ್ಲ. ಅವತ್ತು ಗೆದ್ದೋರು ಯಾರು ಅಂತ ಮತ ಹಾಕಿಸಲಿಲ್ಲ. ಮುಂದಿನ ವಾರ ವಾದ ಮಾಡಿದ ಇಬ್ಬರೂ ಆಕೆಯ ತಮ್ಮನ ಅರ್ಜಿ ಹಿಡ್ಕೊಂಡು ನಾಡಕಚೇರಿಗೆ ಹೋದ್ರು. ಅರ್ಜಿ ಇನ್ನೂ ಓಡಾಡ್ತಾ ಇದೆ, ನಾವೂ ಓಡಾಡ್ತಾ ಇದೀವಿ.

ಹಿರಿಯ ಸಂಗಾತಿಗೆ ನನ್ನ ಉತ್ತರ ಇದು. ಚರ್ಚೆ ಹೋರಾಟಕ್ಕೆ ಬದಲಿ ಅಲ್ಲ. ಹೋರಾಟ ಯಾವ ಬಾಗಿಲಿಗೆ ಹೋಗಬೇಕು ಅಂತ ಗೊತ್ತಾಗೋದು ಮಾತ್ರ ಚರ್ಚೆಯಿಂದ. ಎಡಗೈ, ಬಲಗೈ, ಅಲೆಮಾರಿ ಅಂತ ನಮ್ಮನ್ನ ಬೇರೆ ಬೇರೆ ಪ್ರತಿಭಟನೆಗಳಲ್ಲಿ ನಿಲ್ಲಿಸಿ ನೋಡೋಕೆ ಬಹಳ ಜನಕ್ಕೆ ಇಷ್ಟ. ಒಬ್ಬರ ನೋವನ್ನ ಇನ್ನೊಬ್ಬರು ಬಾಯಿಬಿಟ್ಟು ವಾದಿಸಿದ್ರೆ ಅವರಿಗೆ ಕೆಲಸ ಕಷ್ಟ. ಭಿನ್ನಾಭಿಪ್ರಾಯ ನಮ್ಮನ್ನ ಒಡೆಯಲ್ಲ. ಎದುರು ಬದುರು ಕೂತು ಮಾತಾಡದೇ ಇರೋದು ಒಡೆಯುತ್ತೆ.

ಫೋನೇ ಇಲ್ಲದೋರು ಹೊರಗುಳೀತಾರೆ, ನಿಜ. ಅದಕ್ಕೇ ಎರಡು ಕಡೆ ಹುಡುಗರು ಅಂಬೇಡ್ಕರ್ ಭವನದಲ್ಲಿ ಒಂದೇ ಫೋನಿಗೆ ಸ್ಪೀಕರ್ ಹಾಕಿ ಹತ್ತಾರು ಜನ ಕೂತು ಕೇಳ್ತಾರೆ. ನಿಮ್ಮೂರಲ್ಲೂ ಆಗುತ್ತೆ. ಹತ್ತು ಜನ, ಒಂದು ಫೋನು, ಒಂದು ಗಡಿಯಾರ ಸಾಕು.

ಮುಂದಿನ ಭಾನುವಾರದ ವಿಷಯ: "ಕೆನೆಪದರ ಪರಿಶಿಷ್ಟ ಜಾತಿಗಳಿಗೆ ಅನ್ವಯವಾಗಬೇಕು." ಹೌದು, ಮೈ ಉರಿಯೋ ವಿಷಯವೇ. ಚೀಟಿಯಲ್ಲಿ ನಿಮಗಿಷ್ಟವಿಲ್ಲದ ಪಕ್ಷ ಬಂದ್ರೂ ವಾದಿಸ್ತೀನಿ ಅನ್ನೋರು ಇನ್‌ಬಾಕ್ಸಿಗೆ ಬನ್ನಿ. ಬರೀ ಕೇಳ್ತೀನಿ ಅನ್ನೋರೂ ಬನ್ನಿ, ಎರಡನೇ ವಾರ ನೀವೇ ಮೈಕ್ ಕೇಳ್ತೀರ.

ಜೈ ಭೀಮ್.