ಕಾಗದ ನೋಡಿದಿರಿ, ಗೋಡೆ ನೋಡಿದಿರಾ?

ಎತ್ತು ಕೊಳ್ಳಲು ಸಂತೆಗೆ ಹೋದ ನಮ್ಮ ಒಕ್ಕಲಿಗನು ಅದರ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಗಳೆ ಹೂಡಿ ನೋಡಿದ ಮೇಲೆಯೇ ಹಣ ಎಣಿಸುತ್ತಾನೆ. ಒಂದು ಎತ್ತಿಗೆ ಇಷ್ಟು ಪರೀಕ್ಷೆ. ಅದೇ ಒಕ್ಕಲಿಗನು ನಾಲ್ಕೈದು ಲಕ್ಷ ಕೊಟ್ಟು ಹಳೆಯ ಮನೆ ಕೊಳ್ಳುವಾಗ ಏನು ನೋಡುತ್ತಾನೆ? ತಲೆಬಾಗಿಲದ ಕೆತ್ತನೆ ನೋಡುತ್ತಾನೆ, ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುತ್ತಾನೆ, ಉತಾರೆ ನೋಡುತ್ತಾನೆ, ಇಸಾರ ಕೊಟ್ಟು ಬರುತ್ತಾನೆ. ಗೋಡೆಯನ್ನು ಒಮ್ಮೆ ಬಡಿದು ನೋಡಿದವರನ್ನು ನಾವು ಬಹಳ ಕಡಿಮೆ ಕಂಡಿದ್ದೇವೆ. ನಾವೂ ಬಡಿದು ನೋಡದವರೇ. ಆ ಮಾತು ಮುಂದೆ ಬರುತ್ತದೆ.

ಅಕ್ಕಲಕೋಟ ತಾಲೂಕಿನ ನಮ್ಮ ಊರಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಹಳೆಯ ಮನೆಗಳು ಮಾರಾಟಕ್ಕೆ ಬರುವದು ಈಗ ಹೊಸ ಸಂಗತಿಯಲ್ಲ. ಮಕ್ಕಳು ಪುಣೆಗೋ ಸೊಲ್ಲಾಪುರಕ್ಕೋ ಹೋಗಿ ನೆಲೆ ನಿಂತಿರುತ್ತಾರೆ. ಹಿರಿಯರು ತೀರಿಕೊಂಡ ಮೇಲೆ ಮನೆಗೆ ಕೀಲಿ ಬೀಳುತ್ತದೆ. ಇತ್ತ ಊರಲ್ಲಿ ಉಳಿದವನಿಗೆ ಅಣ್ಣತಮ್ಮಂದಿರಲ್ಲಿ ಪಾಲಾಗಿ ಇರಲು ಜಾಗ ಸಾಲದು, ಗಾಂವಠಾಣದಲ್ಲಿ ಖಾಲಿ ಜಾಗ ಸಿಗದು. ಆದ್ದರಿಂದ ಹಳೆಯ ಮನೆಯನ್ನೇ ಹುಡುಕುತ್ತಾನೆ. ಕಾಗದಗಳೆಲ್ಲ ಮರಾಠಿಯಲ್ಲಿರುವದರಿಂದ ಸಂಜೆ ಶಾಲೆ ಬಿಟ್ಟ ಮೇಲೆ ಅವುಗಳನ್ನು ಹಿಡಿದುಕೊಂಡು ನಮ್ಮಂಥ ಮಾಸ್ತರರ ಕಡೆಗೆ ಬರುತ್ತಾನೆ. ಗ್ರಾಮ ಪಂಚಾಯತಿಯ ನಮೂನೆ 8ರಲ್ಲಿ ಹೆಸರು ಯಾರದಿದೆ, ಚತುಃಸೀಮೆ ಸರಿಯಿದೆಯೇ, ತೆರಿಗೆ ಬಾಕಿ ಉಂಟೇ ಎಂದು ಓದಿ ಹೇಳುತ್ತೇವೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಂತೆ ಡ್ರೋನ್ ಹಾರಿಸಿ ಅಳೆದ ಊರುಗಳಲ್ಲಿ ಮನೆಯ ಒಡೆತನದ ಕಾರ್ಡೂ ಕೈಗೆ ಬಂದಿದೆ. ಒಳ್ಳೆಯದೇ ಆಯಿತು. ಆದರೆ ಆ ಯಂತ್ರವು ಮೇಲಿನಿಂದ ಮನೆಯ ಎಲ್ಲೆಯನ್ನು ಅಳೆಯುತ್ತದೆಯೇ ಹೊರತು, ಮಾಳಿಗೆಯ ತೊಲೆಯನ್ನು ಒರಲೆ ತಿಂದಿದೆಯೋ ಇಲ್ಲವೋ ಎಂದು ಹೇಳುವದಿಲ್ಲ.

ಕಾನೂನಾದರೂ ಕೊಂಡವನ ಕೈ ಹಿಡಿದೀತೆಂದು ನಂಬಿ ಕೂಡ್ರುವಂತಿಲ್ಲ. 1882ರ ಆಸ್ತಿ ಹಸ್ತಾಂತರ ಕಾಯದೆಯ 55ನೆಯ ಕಲಮಿನ ಪ್ರಕಾರ ಮಾರುವವನು ತನಗೆ ತಿಳಿದಿರುವ ದೊಡ್ಡ ದೋಷವನ್ನು ಹೇಳಲೇಬೇಕು, ನಿಜ. ಆದರೆ ಆ ದೋಷವು ಕೊಳ್ಳುವವನಿಗೆ ತಿಳಿಯದೆ ಇದ್ದದ್ದಾಗಿರಬೇಕು. ಅವನು ಸಾಮಾನ್ಯ ಎಚ್ಚರದಿಂದ ನೋಡಿದ್ದರೂ ಕಾಣದಂಥದಾಗಿರಬೇಕು. ಕಣ್ಣ ಮುಂದಿನ ಬಿರುಕನ್ನು ನೋಡದೆ ಕೊಂಡವನು ಆಮೇಲೆ ಕೋರ್ಟಿನಲ್ಲಿ ಯಾವ ಬಾಯಿಂದ ಮಾತಾಡಬೇಕು?

ನಮ್ಮದೇ ಸಂಗತಿ ಹೇಳುತ್ತೇವೆ. 2016ರಲ್ಲಿ ನಮ್ಮ ಕೊಟ್ಟಿಗೆಗೆ ಹತ್ತಿಕೊಂಡಿದ್ದ ಐದು ಖಣದ ಹಳೆಯ ಮನೆಯನ್ನು ದೂರದ ಬಳಗದವರಿಂದ ನಾಲ್ಕು ಲಕ್ಷ ಇಪ್ಪತ್ತು ಸಾವಿರಕ್ಕೆ ಕೊಂಡೆವು. ಮಾರುವ ಮೊದಲು ಅವರು ಸಿಮೆಂಟಿನ ಗಿಲಾವು ಮಾಡಿಸಿ ತಿಳಿ ಹಳದಿ ಬಣ್ಣ ಬಳಿಸಿದ್ದರು. ಅದೇ ನಮ್ಮ ಕಣ್ಣು ಕಟ್ಟಿತು. ಹಿಂದಿನ ಗೋಡೆ ನಡುವೆ ತುಸು ಹೊಟ್ಟೆ ಬಂದಂತೆ ಕಂಡಿತ್ತು, ಕೇಳಿದರೆ, “ಮಾಸ್ತರ್ರ, ನೂರು ವರ್ಷ ನಿಂತ ಮನಿ ಇದು. ನಮ್ಮ ಮುತ್ಯಾನ ಕಾಲದಿಂದ ಆ ಗ್ವಾಡಿ ಹಂಗ ಐತಿ” ಎಂದರು. ಬಳಗದವರ ಮಾತು; ಮತ್ತೆ ಕೆದಕುವದು ಸಭ್ಯತೆಯಲ್ಲವೆಂದು ಸುಮ್ಮನಾದೆವು. ಮರುವರ್ಷ ಉತ್ತರಿ ಮಳೆ ಮೂರು ದಿನ ಬಿಡದೆ ಹಿಡಿಯಿತು. ಮೂರನೆಯ ರಾತ್ರಿ ಆ ಗೋಡೆಯ ಹೊರಮೈ ಅಷ್ಟೂ ಜಾರಿ ಕೊಟ್ಟಿಗೆಯ ಮೇಲೆ ಬಿದ್ದಿತು. ಕಟ್ಟಿದ್ದ ಹಾಲಿನ ಆಕಳು ಅಲ್ಲೇ ಸತ್ತಿತು. ಅದೇ ಗೋಡೆಯ ಒಳಬದಿಗೆ ತಲೆ ಮಾಡಿ ನಮ್ಮ ತಾಯಿಯವರು ಮಲಗಿದ್ದರು. ಒಳಮೈ ನಿಂತಿತ್ತು, ಅವರು ಉಳಿದರು. ಅದನ್ನು ಕಟ್ಟಿಸಿ ಸರಿಪಡಿಸಲು ಎರಡು ಲಕ್ಷ ಅರವತ್ತು ಸಾವಿರ ಹೋಯಿತು. ಮಾರಿದವರನ್ನು ನಾವು ದೂರುವದಿಲ್ಲ. ಅವರಿಗೂ ಗೋಡೆಯ ಒಳಗು ತಿಳಿದಿರಲಿಕ್ಕಿಲ್ಲ.

ಬಿದ್ದ ಗೋಡೆಯ ಮುಂದೆ ಲಾಟೀನು ಹಿಡಿದು ನಿಂತಾಗ ಅದರ ಹೊಟ್ಟೆಯನ್ನು ನಾವು ಮೊದಲ ಸಲ ಕಂಡೆವು. ಎರಡೂವರೆ ಅಡಿ ದಪ್ಪದ ಗೋಡೆ ಎಂದು ಹಿಗ್ಗಿದ್ದೆವಲ್ಲ, ಅದು ಒಂದು ಗೋಡೆಯೇ ಆಗಿರಲಿಲ್ಲ. ಒಳಗೊಂದು ಹೊರಗೊಂದು ತೆಳುವಾದ ಕಲ್ಲಿನ ಮೈ; ನಡುವೆ ಚೂರುಗಲ್ಲು ಮತ್ತು ಮಣ್ಣು ತುಂಬಿದ್ದರು. ಎರಡೂ ಮೈಗಳನ್ನು ಹಿಡಿದು ಕಟ್ಟುವ, ಗೋಡೆಯ ಪೂರ್ತಿ ದಪ್ಪಕ್ಕೆ ಅಡ್ಡವಾಗಿ ಹೋಗುವ ಉದ್ದನೆಯ ಕಲ್ಲು ಒಂದೂ ಇರಲಿಲ್ಲ. ಮೇಲಿನಿಂದ ನೀರಿಳಿದು ನಡುವಿನ ಮಣ್ಣು ಹಸಿಯಾಗಿ ಕೆಳಗೆ ಕುಸಿದಂತೆ ಹೊರಮೈಯನ್ನು ಹೊರಕ್ಕೆ ದೂಡಿತ್ತು. ಹೊಟ್ಟೆ ಬಂದಿದ್ದುದು ಅದರಿಂದ. ಹೊಸ ಸಿಮೆಂಟಿನ ಗಿಲಾವು ಹೊರಗೆ ಹೋಗಬೇಕಾದ ತಂಪನ್ನು ಒಳಗೇ ಹಿಡಿದಿಟ್ಟು ಈ ಕೆಲಸಕ್ಕೆ ನೆರವಾಗಿತ್ತು. ಮಣ್ಣಿನ ಗೋಡೆಗೆ ಮಣ್ಣಿನ ಇಲ್ಲವೆ ಸುಣ್ಣದ ಗಿಲಾವೇ ಸರಿ. ಉಸಿರಾಡುವ ಮೈಗೆ ರಬ್ಬರಿನ ಅಂಗಿ ಹಾಕಬಾರದು.

ಇಂಥ ಗೋಡೆಗಳ ನಿಜವನ್ನು ನಮ್ಮ ಸೀಮೆಗೆ ಒಮ್ಮೆ ಬಹಳ ಕ್ರೂರವಾಗಿ ತೋರಿಸಲಾಗಿದೆ. 1993ರ ಸಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಕಳಿಸಿ ಜನ ಮಲಗಿದ ಹೊತ್ತಿನಲ್ಲಿ, ನಾಲ್ಕಕ್ಕೆ ಕೆಲವೇ ನಿಮಿಷ ಇರುವಾಗ ಕಿಲ್ಲಾರಿಯ ಭೂಕಂಪವಾಯಿತು. ನಾವು ಆಗ ಶಾಲೆಗೆ ಹೋಗುವ ಹುಡುಗರು. ನಮ್ಮ ಊರಿನಲ್ಲಿಯೂ ಪಾತ್ರೆಗಳು ಉರುಳಿದ್ದು, ಆಮೇಲೆ ಎಷ್ಟೋ ರಾತ್ರಿ ಜನ ಅಂಗಳದಲ್ಲಿ ಮಲಗಿದ್ದು ನೆನಪಿದೆ. ಲಾತೂರ ಮತ್ತು ಆಗಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಹೆಚ್ಚು ಕಡಿಮೆ ಹತ್ತು ಸಾವಿರ ಜನ ಸತ್ತರು. ಭೂಕಂಪದ ಪ್ರಮಾಣ 6.2ರಷ್ಟು; ಜಗತ್ತಿನ ದೊಡ್ಡ ಭೂಕಂಪಗಳಲ್ಲಿ ಅದು ಸೇರುವದಿಲ್ಲ. ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ. ಅಲ್ಲಿಯವರೂ ನಮ್ಮ ಮನೆ ಮುತ್ಯಾನ ಕಾಲದ್ದು ಎಂದೇ ಹೇಳುತ್ತಿದ್ದಿರಬೇಕು. ಅಲ್ಲಿಯವರೆಗೆ ಸರಕಾರದ ನಕಾಶೆಯಲ್ಲಿ ಆ ಪ್ರದೇಶ ಎಲ್ಲಕ್ಕಿಂತ ಕಡಿಮೆ ಭಯದ 1ನೆಯ ವಲಯದಲ್ಲಿತ್ತು. 2002ರಲ್ಲಿ ಅದನ್ನು 3ನೆಯ ವಲಯಕ್ಕೆ ಸೇರಿಸಿದರು. 1993ರಲ್ಲಿಯೇ ಭಾರತೀಯ ಮಾನಕ ಬ್ಯೂರೊ ಇಂಥ ಗೋಡೆಗಳ ಸಲುವಾಗಿ ನಿಯಮ ಬರೆದಿದೆ: ಪೂರ್ತಿ ದಪ್ಪದ ಅಡ್ಡಗಲ್ಲುಗಳ ಸಾಲು ಪ್ರತಿ 60 ಸೆಂಟಿಮೀಟರು ಎತ್ತರಕ್ಕೊಂದು ಇರಬೇಕು, ಸಾಲಿನಲ್ಲಿ ಒಂದಕ್ಕೊಂದರ ಅಂತರ 1.2 ಮೀಟರಿಗಿಂತ ಹೆಚ್ಚಾಗಬಾರದು. ನಮ್ಮ ಲೆಕ್ಕದಲ್ಲಿ ಎರಡಡಿ ಎತ್ತರಕ್ಕೊಂದು ಸಾಲು, ನಾಲ್ಕಡಿಗೊಂದು ಕಲ್ಲು. ಮಾರುವವರ ಒಪ್ಪಿಗೆ ಪಡೆದು ಒಂದೆರಡು ಕಡೆ ಕಲ್ಲು ತೆಗೆಸಿ ನೋಡಿದರೆ ಗೋಡೆ ಎಂಥದೆಂದು ಗೊತ್ತಾಗುತ್ತದೆ. ತೂಗುಗುಂಡು ಬಿಟ್ಟು ನೋಡಿದರೆ ವಾಲಿದ್ದೂ ಹೊಟ್ಟೆ ಬಂದದ್ದೂ ತಿಳಿಯುತ್ತದೆ. ಬಡಿದಲ್ಲಿ ಡೊಳ್ಳಿನಂತೆ ಸಪ್ಪಳವಾದರೆ ಅಲ್ಲಿ ಟೊಳ್ಳು ಇದೆ.

ಮಾಳಿಗೆಯ ಲೆಕ್ಕವನ್ನು ನಾವು ಏಳನೆಯ ಇಯತ್ತೆಯ ಹುಡುಗರಿಂದ ಮಾಡಿಸುತ್ತಿರುತ್ತೇವೆ. ಬಡಿದು ಕೂಡಿಸಿದ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಹತ್ತಡಿ ಅಗಲ ಹದಿನೈದಡಿ ಉದ್ದದ ಒಂದು ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ 150 ಘನ ಅಡಿ; ಅಂದರೆ 6,750 ಕಿಲೋ. ಕ್ವಿಂಟಲು ತೂಕದ 67 ಚೀಲ ಜೋಳವನ್ನು ತಲೆಯ ಮೇಲೆ ಒಟ್ಟಿಕೊಂಡು ಕೆಳಗೆ ಮಲಗಿದಂತಾಯಿತು. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಸೋರುತ್ತದೆಂದು ವರ್ಷವರ್ಷವೂ ಮಿರಗದ ಮುಂಚೆ ನಾಲ್ಕು ಬುಟ್ಟಿ ಮಣ್ಣು ಮೇಲೆ ಹಾಕುತ್ತೇವೆ. ಹಳೆಯದನ್ನು ಕೆಳಗಿಳಿಸುವವರು ಯಾರು? ಮೂರು ತಲೆಮಾರಿನಲ್ಲಿ ಮಾಳಿಗೆ ಮೊಳದಷ್ಟು ದಪ್ಪವಾಗುತ್ತದೆ. ಕೆಳಗಿನ ತೊಲೆ ಮಾತ್ರ ಮೊದಲಿನದೇ. ತೊಲೆಯ ನಡುವನ್ನು ನೋಡಿ ಗಟ್ಟಿಯಿದೆ ಎನ್ನಬೇಡಿರಿ. ಅದು ಮೊದಲು ಕೆಡುವದು ಗೋಡೆಯೊಳಗೆ ಹುಗಿದ ತುದಿಯಲ್ಲಿ. ಏಣಿ ಹಾಕಿ ಹತ್ತಿ ಅಲ್ಲಿ ದಬ್ಬಣ ಚುಚ್ಚಬೇಕು; ಅನಾಯಾಸವಾಗಿ ಎರಡು ಬೆರಳಷ್ಟು ಒಳಗೆ ಹೋದರೆ ಆ ತೊಲೆಯ ಆಯುಷ್ಯ ಮುಗಿಯಿತು.

ಬಿರುಕಿನ ಮಾತು ಬೇರೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೈ ಹೋಗುತ್ತದೆ, ಮಳೆಗಾಲದಲ್ಲಿ ಅದೇ ನೆಲ ಉಬ್ಬಿ ಮುಚ್ಚಿಕೊಳ್ಳುತ್ತದೆ. ಬುನಾದಿಯನ್ನು ಕೆಳಗಿನ ಗಟ್ಟಿ ನೆಲದವರೆಗೆ ಒಯ್ಯದೆ ಆ ಮಣ್ಣಿನ ಮೇಲೆಯೇ ಕಟ್ಟಿದ್ದರೆ ಮನೆಯೂ ಅದರೊಂದಿಗೆ ಏಳುತ್ತ ಇಳಿಯುತ್ತ ಇರುತ್ತದೆ. ಶ್ರಾವಣದಲ್ಲಿ ನೋಡಿ ಮೆಚ್ಚಿದ ಮನೆಯನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ನೋಡಬೇಕು. ಅಷ್ಟು ಕಾಯಲಾಗದಿದ್ದರೆ ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ತುಂಡನ್ನು ಎರಡೂ ಬದಿಗೆ ಸಿಮೆಂಟಿನಿಂದ ಹಚ್ಚಿ ತಾರೀಖು ಬರೆದಿಡಬೇಕು; ಒಂದೆರಡು ತಿಂಗಳಲ್ಲಿ ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದು ತಿಳಿಯಬೇಕು. ಗಿಲಾವಿನ ಕೂದಲೆಳೆಯ ಗೆರೆಗಳಿಗೆ ಹೆದರಬೇಕಾಗಿಲ್ಲ. ಬಾಗಿಲು ಕಿಡಕಿಗಳ ಮೂಲೆಯಿಂದ ಓರೆಯಾಗಿ ಏರಿದ್ದು, ಎರಡು ಗೋಡೆ ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಸೀಳಿದ್ದು, ಇವು ಕೆಟ್ಟವು.

ಇನ್ನೆರಡು ಸಂಗತಿ ಬೇಗ ಹೇಳಿಬಿಡುತ್ತೇವೆ. ಓಣಿಗೆ ಕಾಂಕ್ರೀಟ ರಸ್ತೆಯಾದ ಮೇಲೆ ಎಷ್ಟೋ ಮನೆಗಳ ಹೊಸ್ತಿಲು ರಸ್ತೆಗಿಂತ ತಗ್ಗಾಗಿದೆ. ಮಳೆನೀರು ಎತ್ತ ಹೋಗುತ್ತದೆ ನೋಡಿರಿ. ಪಡಸಾಲೆಯಲ್ಲಿ, ಅಂಗಳದಲ್ಲಿ ಹಗೇವು ಇತ್ತೇ ಎಂದು ಓಣಿಯ ಮುದುಕಿಯರನ್ನು ಕೇಳಿರಿ. ಬಾಯಿಗೆ ಹಾಸುಗಲ್ಲು ಮುಚ್ಚಿ ಮರೆತ ಹಗೇವಿನ ಸಂಗತಿ ಯಾವ ಉತಾರೆಯಲ್ಲಿಯೂ ಇರುವದಿಲ್ಲ.

ಇದೆಲ್ಲವನ್ನು ಕೊಳ್ಳುವವನೇ ನೋಡಿ ತೀರ್ಮಾನಿಸಲಿ ಎಂಬದು ನಮ್ಮ ಅಭಿಪ್ರಾಯವಲ್ಲ. ಇಸಾರ ಕೊಡುವ ಮೊದಲು ತಾಲೂಕಿನ ಊರಿಂದ ಒಬ್ಬ ಸಿವಿಲ್ ಇಂಜಿನಿಯರರನ್ನೂ ಹಳೆಯ ಕಟ್ಟಡದ ಕೈ ಬಲ್ಲ ಒಬ್ಬ ಗೌಂಡಿಯನ್ನೂ ಕೂಡಿಯೇ ಕರೆದೊಯ್ಯಬೇಕು. ಗೌಂಡಿಯು ಮಾರುವವರ ಮನೆಯ ಕೆಲಸದವನಾಗಿರಬಾರದು. ಒಬ್ಬರಿಂದ ಸಾಲದು. ಕೆಲವು ತರುಣ ಇಂಜಿನಿಯರರು ಮಣ್ಣಿನ ಮನೆ ಕಂಡ ಕೂಡಲೆ ಕೆಡವಿ ಸ್ಲ್ಯಾಬು ಹಾಕಿರಿ ಎನ್ನುತ್ತಾರೆ. ಅವರು ಕಲಿತದ್ದು ಅಷ್ಟು. ಮೇ ತಿಂಗಳ ಮಧ್ಯಾಹ್ನ ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದವರು ಆ ಮಾತನ್ನು ಒಪ್ಪಲಾರರು. ಇನ್ನು ಅದೇ ಮಣ್ಣುಗೋಡೆಗಳ ಮೇಲೆ ಸ್ಲ್ಯಾಬನ್ನು ಹೇರುವದಂತೂ ಮೊದಲಿನದಕ್ಕಿಂತ ದೊಡ್ಡ ತಪ್ಪು. ಗೋಡೆಯಲ್ಲಿ ತೂತು ತೆಗೆದು ಕಬ್ಬಿಣದ ಸಲಾಕೆಯಿಟ್ಟು ಕಾಂಕ್ರೀಟ ತುಂಬಿ ಎರಡೂ ಮೈ ಹೊಲಿಯುವದು, ಮಾಳಿಗೆಯ ಭಾರ ಇಳಿಸುವದು, ಸುತ್ತಲೂ ಪಟ್ಟಿ ಕಟ್ಟುವದು ಮೊದಲಾದ ರಿಪೇರಿಗಳು ಕಿಲ್ಲಾರಿಯ ನಂತರ ನಮ್ಮ ಭಾಗಕ್ಕೆ ಹೊಸವಲ್ಲ. ಯಾವ ಗೋಡೆ, ಯಾವ ತೊಲೆ, ಏನು ದೋಷ, ಸರಿಪಡಿಸಲು ಎಷ್ಟು ಖರ್ಚು ಎಂಬದನ್ನು ಬರೆಯಿಸಿಕೊಳ್ಳಿರಿ. ವರದಿ ಮರಾಠಿಯಲ್ಲಿದ್ದರೆ ಇರಲಿ, ಶಾಲೆಗೆ ತನ್ನಿರಿ. ಉತಾರೆ ಓದಿದಂತೆ ಅದನ್ನೂ ಓದಿ ಹೇಳುತ್ತೇವೆ.

ಖರ್ಚಿನ ಮಾತು ಬಂದೇ ಬರುತ್ತದೆ. ಮುಂಬಯಿ, ಪುಣೆಗಳ ಫ್ಲ್ಯಾಟಿನ ಸೊಸಾಯಟಿಗಳ ಮಾದರಿ ನಿಯಮದಂತೆ ಕಟ್ಟಡಕ್ಕೆ ಹದಿನೈದು ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದರೆ ಮೂರು ವರ್ಷಕ್ಕೊಮ್ಮೆ ಇಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕು. ನಮ್ಮ ಮಕ್ಕಳು ಅಲ್ಲಿ ಅದರ ವರ್ಗಣಿ ಕೊಡುತ್ತಾರೆ. ನೂರು ವರ್ಷದ ಹಳ್ಳಿಯ ಮನೆಗೆ ಜೀವಮಾನದಲ್ಲಿ ಒಮ್ಮೆ ಮಾಡಿಸಲು ನಮಗೆ ಕೈ ಬರುವದಿಲ್ಲ! ಬಳಗದವರು ಸಿಟ್ಟಾದಾರು ಎಂಬ ಸಂಕೋಚ ಇನ್ನೂ ದೊಡ್ಡದು. ಬೀಗರ ಎತ್ತಿನ ಹಲ್ಲನ್ನು ನೋಡಿದರೆ ಬೀಗರಿಗೆ ಅವಮಾನವೆಂದು ಯಾರೂ ತಿಳಿಯುವದಿಲ್ಲವಷ್ಟೆ.

ನಮ್ಮ ಶಾಲೆಯ ಇನ್ನೊಬ್ಬ ಮಾಸ್ತರರು ಕಳೆದ ಮಾಘದಲ್ಲಿ ಮನೆ ಕೊಳ್ಳಲು ಹೊರಟಾಗ ನಾವೇ ಹಿಂದೆ ಬಿದ್ದು ಇಂಜಿನಿಯರರನ್ನು ಕರೆಸಿದೆವು. ಮೂರೂವರೆ ಸಾವಿರ ಕೊಟ್ಟರು. ಎರಡು ತೊಲೆಯ ತುದಿ ಪುಡಿಯಾಗಿದ್ದವು, ಮಾಳಿಗೆಯ ಮಣ್ಣು ಹದಿನೈದು ಇಂಚು ಇತ್ತು, ಪಡಸಾಲೆಯ ನಡುಗಂಬದಿಂದ ಎರಡು ಮಾರು ದೂರದಲ್ಲಿ ಹಳೆಯ ಹಗೇವು ಸಿಕ್ಕಿತು. ಮಾರುವ ಕಾಕಾ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ಬಂದು ಎಪ್ಪತ್ತು ಸಾವಿರ ಇಳಿಸಿದರು. ಮಿರಗಕ್ಕೆ ಮುಂಚೆ ಮಾಳಿಗೆ ಬಿಚ್ಚಿದಾಗ ಒಂಬತ್ತು ಟ್ರಾಲಿ ಮಣ್ಣು ಇಳಿಯಿತು. ಎರಡು ಟ್ರಾಲಿಯಿಂದ ಹಗೇವು ತುಂಬಿ ದಮ್ಮಸು ಮಾಡಿದರು. ಉಳಿದದ್ದನ್ನು ಊರ ಹೊರಗಿನ ತಗ್ಗಿಗೆ ಹಾಕಿದ್ದಾರೆ; ಬೇಕಾದವರು ಒಯ್ಯಬಹುದು ಎಂದು ಹೇಳಿದ್ದಾರೆ.