ಪಟ್ಟಣದ ಕೊಟ್ಟಿಗೆಗೆ ಮಲೆನಾಡಿಗೆ ಒಪ್ಪುವ ನಿಯಮ ಬೇಕು



ಸಾಗರ, ಹೊಸನಗರ, ತೀರ್ಥಹಳ್ಳಿ ಪಟ್ಟಣಗಳ ಅಂಚಿನಲ್ಲಿ ಗದ್ದೆ, ತೋಟದ ಬದಿಗಿದ್ದ ಕೊಟ್ಟಿಗೆಗಳ ಪಕ್ಕಕ್ಕೇ ಈಗ ಬಡಾವಣೆಯ ಸೈಟುಗಳು ಬಂದಿವೆ. ಹೊಸದಾಗಿ ಮನೆ ಕಟ್ಟಿದವರು ಸಗಣಿ ವಾಸನೆ, ನೊಣದ ಕಾಟ ಎಂದು ದೂರುತ್ತಾರೆ. ದನ ಕಟ್ಟಿದವರು ಇದು ಅಜ್ಜನ ಕಾಲದ ಕೊಟ್ಟಿಗೆ ಎನ್ನುತ್ತಾರೆ. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ದೂರು ಬಂದಾಗ ತೆರವು ಮಾಡಿ ಎನ್ನುವುದು, ಗಲಾಟೆ ತಣ್ಣಗಾದ ಮೇಲೆ ಸುಮ್ಮನಾಗುವುದು ಆಡಳಿತವಾಗದು.

ಹಳ್ಳಿಯ ದನಕ್ಕೆ ಕಾನೂನು ಜಾಗ ಇಟ್ಟಿದೆ. 1966ರ ಭೂಕಂದಾಯ ನಿಯಮಗಳ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಕಾಯ್ದಿರಿಸಬೇಕು. ಹಳ್ಳಿ ಪಟ್ಟಣದೊಳಗೆ ಸೇರಿದರೆ ಮೇಯುವ ಜಾಗ ಹೋಗುತ್ತದೆ, ದನ ಉಳಿಯುತ್ತದೆ. ಬೆಳಿಗ್ಗೆ ಬಿಟ್ಟರೆ ಸಂಜೆ ತಾನಾಗಿ ಮನೆಗೆ ಬರುವುದು ಮಲೆನಾಡು ಗಿಡ್ಡ ತಳಿಯ ದನದ ರೂಢಿ. ಮೇವಿಲ್ಲದ ಪೇಟೆಯಲ್ಲಿ ಅದು ತರಕಾರಿ ಕಸ, ಪ್ಲಾಸ್ಟಿಕ್ ಚೀಲ ತಿನ್ನುತ್ತದೆ. ಮಳೆಗಾಲದಲ್ಲಿ ಡಾಂಬರು ರಸ್ತೆಯ ಮೇಲೆ ಮಲಗುತ್ತದೆ. ಬೈಕ್ ಸವಾರರು ಬೀಳುವುದೂ ದನಗಳ್ಳರಿಗೆ ಕೆಲಸ ಸುಲಭವಾಗುವುದೂ ಅಲ್ಲೇ.

ಕೊಟ್ಟಿಗೆಯ ಕೊಳಕಿಗೆ ದನದ ಲೆಕ್ಕಕ್ಕಿಂತ ನೆಲ ಮುಖ್ಯ ಕಾರಣ. ನಮ್ಮ ಹಳೆಯ ಕೊಟ್ಟಿಗೆಯಲ್ಲಿ ಸೊಪ್ಪು, ದರಗು ಹಾಸುತ್ತಿದ್ದರು. ಗಂಜಲ ಅದರಲ್ಲೇ ಇಂಗಿ ಗೊಬ್ಬರವಾಗಿ ಅಡಿಕೆ ತೋಟ ಸೇರುತ್ತಿತ್ತು. ಪಟ್ಟಣದಲ್ಲಿ ಸೊಪ್ಪಿನ ಬೆಟ್ಟವಿಲ್ಲ. ಸಿಮೆಂಟು ನೆಲಕ್ಕೆ ಪೈಪಿನಲ್ಲಿ ನೀರು ಬಿಟ್ಟು ತೊಳೆದರೆ ಸಗಣಿ ನೇರ ಚರಂಡಿಗೆ ಹೋಗುತ್ತದೆ. ಮಳೆಗಾಲದಲ್ಲಿ ಮಾಡು ಇಲ್ಲದ ಗೊಬ್ಬರದ ಗುಂಡಿಯೂ ತುಂಬಿ ಹರಿಯುತ್ತದೆ. ಹೀಗಾಗಿ ಚರಂಡಿಗೆ ಹರಿಸುವವನ ಒಂದು ದನವೂ ತೊಂದರೆಯೇ. ಗುಂಡಿಗೆ ಮಾಡು ಹಾಕಿ ಅಚ್ಚುಕಟ್ಟಾಗಿ ಇಟ್ಟವನ ಮೂರು ದನದಿಂದ ಯಾರಿಗೂ ಉಪದ್ರವವಿಲ್ಲ.

ಮಂಗನ ಕಾಯಿಲೆಯನ್ನೂ ಮರೆಯುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಈ ರೋಗ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ಪಡೆಯಿತು. ಈ ರೋಗ ಹರಡುವ ಉಣುಗು ಕಾಡಿಗೆ ಹೋದ ದನದ ಮೈಗೆ ಹತ್ತಿ ಮನೆಯಂಗಳಕ್ಕೆ ಬರುತ್ತದೆ. ಮಂಗ ಸತ್ತ ಜಾಗದ ದರಗನ್ನು ಕೊಟ್ಟಿಗೆಗೆ ಹಾಸಬೇಡಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಕಾಡಂಚಿನ ವಾರ್ಡುಗಳಿಗೆ ಈ ಎಚ್ಚರಿಕೆಯೂ ನಿಯಮದ ಭಾಗವಾಗಬೇಕು.

ಉಪವಿಧಿ ಮಾಡಿಕೊಳ್ಳುವ ಅಧಿಕಾರವನ್ನು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯೇ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿದೆ. ಅದನ್ನು ಬಳಸಿ, ಮನೆಬಳಕೆಗೆ ಒಂದೆರಡು ದನ ಸಾಕುವವರನ್ನೂ ವ್ಯಾಪಾರದ ಡೇರಿಯನ್ನೂ ಬೇರೆ ಬೇರೆ ನೋಡಬೇಕು. ಮನೆಯವರಿಗೆ ಲೈಸೆನ್ಸಿನ ಅಲೆದಾಟ ಬೇಡ, ಒಂದು ನೋಂದಣಿ ಸಾಕು. ಮಾಡು ಇರುವ ಗೊಬ್ಬರದ ಗುಂಡಿ, ಬಾವಿಯಿಂದ ಅಂತರ, ಚರಂಡಿಗೆ ತೊಳೆದ ನೀರು ಬಿಡದಿರುವುದು, ದನದ ಕಿವಿಗೆ ಗುರುತಿನ ಓಲೆ, ಉಣುಗಿಗೆ ಔಷಧಿ ಕಡ್ಡಾಯವಾಗಲಿ. ರಾತ್ರಿ ದನವನ್ನು ರಸ್ತೆಗೆ ಬಿಟ್ಟವರಿಗೆ ಮೊದಲು ಎಚ್ಚರಿಕೆ, ಮತ್ತೆ ಬಿಟ್ಟರೆ ದಂಡ ಬೀಳಲಿ. ಹಿಡಿದ ದನಕ್ಕೆ ನೀರು, ನೆರಳು ಇರುವ ದೊಡ್ಡಿಯೂ ಇರಲಿ.

ಕೊಟ್ಟಿಗೆ ಮೊದಲಿದ್ದು ಸೈಟು ಆಮೇಲೆ ಬಂದ ಕಡೆ, ತೆರವಿನ ನೋಟಿಸ್ ಕೊಡುವ ಮುಂಚೆ ಸರಿಪಡಿಸಲು ಒಂದು ಮಳೆಗಾಲದಷ್ಟಾದರೂ ಸಮಯ ಕೊಡಬೇಕು. ಸಾಗರದ ನಗರಸಭೆ, ಉಳಿದೆರಡು ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಪಶುವೈದ್ಯರನ್ನೂ ದನ ಸಾಕುವವರನ್ನೂ ಬಡಾವಣೆಯವರನ್ನೂ ಒಟ್ಟಿಗೆ ಕೂರಿಸಿ, ಈ ನಿಯಮವನ್ನು ಬರೆದು ವಾರ್ಡುಗಳಲ್ಲಿ ಪ್ರಕಟಿಸಲಿ ಎಂದು ವಿನಂತಿ.

– ಒಬ್ಬ ಓದುಗ, ಸಾಗರ