ಸೈನಿಕನ ಮನೆಯಲ್ಲೂ ಶಾಂತಿ ಇರಲಿ

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬುದು ನಮ್ಮ ಹಿರಿಯರ ಗಾದೆ. ಅದು ಸಣ್ಣಪುಟ್ಟ ಮಾತಿನ ಜಗಳಕ್ಕೆ ಹೇಳಿದ್ದೇ ಹೊರತು ದಿನವೂ ಬೀಳುವ ಏಟಿಗಲ್ಲ. ಆದರೂ ಸೈನಿಕನ ಮನೆಯಿಂದ ಹೆಂಡತಿಯ ಅಳು ಕೇಳಿಬಂದಾಗ, "ರಜೆ ಮುಗಿದರೆ ಹೋಗುತ್ತಾನೆ, ಅಲ್ಲಿಯವರೆಗೆ ತಾಳಿಕೋ ತಾಯಿ" ಎಂದು ಬುದ್ಧಿ ಹೇಳುವವರುಂಟು.

ಸೈನಿಕನನ್ನು ನಾವೆಲ್ಲ ಗೌರವಿಸುತ್ತೇವೆ. ಕೊಡಗಿನ ವೀರಪುತ್ರ ಕಾರ್ಯಪ್ಪನವರು 1949ರ ಜನವರಿ 15ರಂದು ನಮ್ಮ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದರು. ಆ ದಿನವನ್ನೇ ಸೇನಾ ದಿನವೆಂದು ಆಚರಿಸುತ್ತೇವೆ. ಈ ಗೌರವ ಸೈನಿಕನ ಶಿಸ್ತಿಗೆ ಸಲ್ಲುವಂಥದು. ಶಿಸ್ತು ಗಡಿಯಲ್ಲಿ ಮಾತ್ರವಿದ್ದು ಮನೆಯಲ್ಲಿ ಇಲ್ಲದಿದ್ದರೆ ಅದು ಅರ್ಧ ಶಿಸ್ತು.

ಸೈನಿಕನ ಕಷ್ಟವೂ ಸಣ್ಣದಲ್ಲ. ತಿಂಗಳುಗಟ್ಟಲೆ ಹೆಂಡತಿ ಮಕ್ಕಳಿಂದ ದೂರ, ಚಳಿ, ಪ್ರಾಣಭಯ, ನಿದ್ದೆಗೇಡು. ಕೆಲವರು ಕುಡಿತಕ್ಕೆ ಬೀಳುತ್ತಾರೆ. ಅಂಥವರಿಗೆ ವೈದ್ಯರ ನೆರವು ಬೇಕು. ಅದನ್ನು ಕೇಳುವುದು ಹೇಡಿತನವಲ್ಲ. ಆದರೆ ಕಷ್ಟವು ಕೈ ಎತ್ತುವುದಕ್ಕೆ ಪರವಾನಗಿಯಾಗದು.

ಹೆಂಡತಿ ಬಾಯಿ ಬಿಡದಿರಲು ಮುಖ್ಯ ಕಾರಣ ಹೆದರಿಕೆ. "ದೂರು ಕೊಟ್ಟರೆ ಇವರ ನೌಕರಿ ಹೋದೀತು, ಮಕ್ಕಳ ಗತಿಯೇನು?" ಎಂಬ ಚಿಂತೆ. ಕಾನೂನು ಇದಕ್ಕೂ ದಾರಿ ಮಾಡಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದು ಮೊದಲೇ ಜೈಲಿಗೆ ಕಳುಹಿಸುವ ಕಾಯ್ದೆಯಲ್ಲ. ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು ಎಂದು ನ್ಯಾಯಾಲಯ ಆಜ್ಞೆ ಕೊಡುತ್ತದೆ; ರಕ್ಷಣೆಯ ಆಜ್ಞೆಯನ್ನು ಮೀರಿದರೆ ಶಿಕ್ಷೆಯುಂಟು. 1950ರ ಸೇನಾ ಕಾಯ್ದೆಯಂತೆ, ಹೆಂಡತಿ ಮಕ್ಕಳ ಜೀವನಾಂಶವನ್ನು ಸೈನಿಕನ ಸಂಬಳದಿಂದಲೇ ಕಡಿತ ಮಾಡಿ ಕೊಡಿಸಲೂ ಅವಕಾಶವಿದೆ.

ನೆರೆಯವರೂ ಸುಮ್ಮನಿರಬೇಕಾಗಿಲ್ಲ. ಹಿಂಸೆ ಕಂಡ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಹೊಣೆ ಬಾರದು. ಮಹಿಳೆಯರಿಗೆ 181, ಮಕ್ಕಳಿಗೆ 1098 ದೂರವಾಣಿ ಸಂಖ್ಯೆಗಳಿವೆ.

ನಮ್ಮ ಮದ್ದೂರಿನಂಥ ಗಡಿನಾಡಿನಲ್ಲಿ ಇನ್ನೊಂದು ತೊಡಕುಂಟು. ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ನೊಂದ ತಾಯಿ ತನ್ನ ದುಃಖವನ್ನು ಯಾವ ಭಾಷೆಯಲ್ಲಿ ಹೇಳಿಯಾಳು? ಎರಡೂ ಬಲ್ಲ ಹಿರಿಯರು, ಶಿಕ್ಷಕರು ಆಕೆಯ ಜೊತೆ ಹೋಗಿ ಅರ್ಜಿ ಬರೆದುಕೊಡಲಿ. ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಅಂಥದು ನಡೆದರೆ ನಂಬಿಕೆಯ ಹಿರಿಯರೊಬ್ಬರಿಗೆ ಹೇಳಿರಿ. ಹೇಳಿದರೆ ಮನೆಯ ಮಾನ ಹೋಗದು, ಹೊಡೆಯುವುದರಿಂದ ಹೋಗುತ್ತದೆ. ನಿಮ್ಮಲ್ಲಿ ನಾಳೆ ಸೇನೆಗೆ ಸೇರುವವರೂ ಇದ್ದೀರಿ. ದೇಶ ಕಾಯುವ ಕೈ ಮನೆಯನ್ನೂ ಕಾಯಲಿ.